ಗಡಿನಾಡಿನ ಸುದ್ದಿ ಊರು ದಾಟಿದ ಬಗೆ

(ಘಟ್ಟದ ತಪ್ಪಲಿನ ಗ್ರಾಮಸ್ಥರು ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಕಾಸರಗೋಡು ಜಿಲ್ಲೆಯ ಗಡಿಯಂಚಿನಲ್ಲಿ ಎಣ್ಮಕಜೆ ಎಂಬ ಪಂಚಾಯತಿ ಇದೆ. ಪಡ್ರೆ, ವಾಣೀನಗರ, ಸ್ವರ್ಗ ಇವೆಲ್ಲ ಅದಕ್ಕೆ ಸೇರಿದ ಊರುಗಳು. ಗುಡ್ಡ ಇಳಿದರೆ ಕರ್ನಾಟಕ. ಅಲ್ಲಿಯ ಜನರು ಮನೆಯಲ್ಲಿ ತುಳುವನ್ನೋ ಹವ್ಯಕ ಕನ್ನಡವನ್ನೋ ಮಲಯಾಳವನ್ನೋ ಆಡುತ್ತಾರೆ. ಮಕ್ಕಳು ಕನ್ನಡ ಶಾಲೆಯಲ್ಲಿ ಕಲಿತಿದ್ದಾರೆ. ಸರಕಾರದ ಕಡತ ಮಾತ್ರ ಬೇರೊಂದು ಭಾಷೆಯಲ್ಲಿ ಚಲಿಸುತ್ತದೆ. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗವು ಕರ್ನಾಟಕಕ್ಕೆ ಬರಬೇಕೆಂದು 1967ರಲ್ಲಿ ಮಹಾಜನ ಆಯೋಗವು ವರದಿ ಮಾಡಿತು. ಅದು ಜಾರಿಗೆ ಬರಲಿಲ್ಲ. ಆ ವಿವಾದದ ಸರಿತಪ್ಪುಗಳು ಇಂದಿನ ವಿಷಯವಲ್ಲ. ಇಂಥ ಊರಿನ ಸುದ್ದಿ ಯಾರ ಕಿವಿಗೆ ಬೀಳುತ್ತದೆ ಎಂಬುದಷ್ಟೇ ವಿಷಯ.

ಊರಿನೊಳಗೆ ಸುದ್ದಿ ಹರಡುವುದಕ್ಕೆ ಎಂದೂ ಬರವಿರಲಿಲ್ಲ. ಕುಂಬಳೆಯ ಪಾರ್ತಿಸುಬ್ಬನ ಹೆಸರಿನೊಂದಿಗೆ ಬೆಸೆದುಕೊಂಡ ತೆಂಕುತಿಟ್ಟಿನ ಯಕ್ಷಗಾನಕ್ಕೆ ಇದು ತವರು. 2006ರಲ್ಲಿ ಅಗಲಿದ ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥಗಾರಿಕೆಯನ್ನು ಕೇಳಲು ಮೈಲುಗಟ್ಟಲೆ ನಡೆದು ಬಂದವರು ಇಲ್ಲಿದ್ದರು. ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳ ಹೆಸರನ್ನು ದೇಶದ ವಕೀಲರು 1973ರ ಸಂವಿಧಾನ ತೀರ್ಪಿನಿಂದ ಬಲ್ಲರು. ಊರಿನವರು ಅವರನ್ನು ಬಲ್ಲದ್ದು ಭಾಗವತಿಕೆ ಹಾಡುವ ಸ್ವಾಮಿಗಳೆಂದು. (ಒಂದೇ ಹೆಸರು, ಎರಡು ಸುದ್ದಿ!) ದೀಪಾವಳಿಯ ಬಳಿಕ ಗೆಜ್ಜೆ ಕಟ್ಟಿದ ಮೇಳಗಳು ಪತ್ತನಾಜೆಯವರೆಗೆ ತಿರುಗಾಟ ನಡೆಸುತ್ತವೆ, ಮಳೆಗಾಲದಲ್ಲಿ ಚಾವಡಿಗಳಲ್ಲಿ ತಾಳಮದ್ದಳೆ. ಅಡಿಕೆಯ ಧಾರಣೆ, ಮದುವೆಯ ಮಾತುಕತೆ, ಯಾರ ಮನೆಯಲ್ಲಿ ಯಾರಿಗೆ ಕಾಯಿಲೆ ಎಂಬುದೆಲ್ಲ ಆಟದ ಬಯಲಿನಲ್ಲಿಯೇ ಊರಿಂದೂರಿಗೆ ಹೋಗುತ್ತಿತ್ತು.

ಮೇಳಗಳ ತಿರುಗಾಟದ ಈ ತಿಂಗಳುಗಳಲ್ಲಿಯೇ ಗೇರು ಹೂಬಿಡುವುದು. 1970ರ ದಶಕದಿಂದ 2000ದವರೆಗೆ ಕೇರಳದ ಪ್ಲಾಂಟೇಶನ್ ಕಾರ್ಪೊರೇಷನ್ನಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರುಗಳು ಎಂಡೋಸಲ್ಫಾನ್ ಸುರಿದವು. ಟೀ ಸೊಳ್ಳೆ ಎಂಬ ಕೀಟವನ್ನು ಕೊಲ್ಲುವುದು ಉದ್ದೇಶ. ತೋಟಗಳಿದ್ದದ್ದು ಗುಡ್ಡದ ನೆತ್ತಿಯಲ್ಲಿ. ಮನೆ, ಅಡಿಕೆ ತೋಟ, ತೋಡು, ಬಾವಿ ಎಲ್ಲವೂ ಕೆಳಗೆ. ಇನ್ನೂ ಒಂದು ಮಾತನ್ನು ನೆನಪಿಡಬೇಕು. ಈ ಸೀಮೆಯಲ್ಲಿ ಕುಡಿಯುವ ನೀರು ಬರುವುದು ಬಹುಮಟ್ಟಿಗೆ ಸುರಂಗಗಳಿಂದ. ಮುರಕಲ್ಲಿನ ಗುಡ್ಡದೊಳಗೆ ಆಳೊಬ್ಬ ನುಸುಳುವಷ್ಟು ಅಗಲಕ್ಕೆ ಅಡ್ಡವಾಗಿ ಕೊರೆದು, ಒಸರುವ ನೀರನ್ನು ಪಂಪಿಲ್ಲದೆ ಮನೆಯಂಗಳಕ್ಕೆ ತರುವ ವಿದ್ಯೆ ಅದು. ಗಡಿಯ ಈಚೆಯ ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಒಂಟಿಯಾಗಿ ಸುರಂಗ ಕೊರೆದು ಬೋಳುಗುಡ್ಡದಲ್ಲಿ ತೋಟ ಎಬ್ಬಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. ಮಳೆ ಗುಡ್ಡದ ನೆತ್ತಿಯಲ್ಲಿ ಇಂಗಿದರೆ ಮಾತ್ರ ಸುರಂಗದಲ್ಲಿ ನೀರು. ನೆತ್ತಿಯ ಮೇಲೆ ವಿಷ ಬಿದ್ದರೆ ಅದು ಇಳಿಯುವ ದಾರಿಯೂ ಬೇರೆಯಲ್ಲ.

1979ರ ಸುಮಾರಿಗೆ ಪಡ್ರೆಯಲ್ಲಿ ಕರುಗಳು ಸೊಟ್ಟ ಕಾಲಿನೊಂದಿಗೆ ಹುಟ್ಟಿದವು. ಜೇನು ಕಾಣೆಯಾಯಿತು, ತೋಡಿನ ಮೀನು ಸತ್ತಿತು. ಊರಿನವರೆಲ್ಲರೂ ಇದನ್ನು ಬಲ್ಲರು. ಆದರೆ ಗಡಿನಾಡಿನ ಕರುವಿನ ಕಾಲು ತಿರುವನಂತಪುರಕ್ಕೂ ಸುದ್ದಿಯಲ್ಲ, ಬೆಂಗಳೂರಿಗೂ ಅಲ್ಲ. ಒಂದು ರಾಜಧಾನಿಗೆ ಅದು ತಿಳಿಯದ ಭಾಷೆಯ ಮಾತು. ಇನ್ನೊಂದಕ್ಕೆ ಪರರಾಜ್ಯದ ಸಂಗತಿ. ಅದೇ ಊರಿನ ಕೃಷಿಕ ಪತ್ರಕರ್ತ ಶ್ರೀ ಪಡ್ರೆಯವರು ಅದನ್ನು ಬರೆದರು. 1980ರ ದಶಕದಲ್ಲಿ ವಾಣೀನಗರದಲ್ಲಿ ವೈದ್ಯವೃತ್ತಿ ಆರಂಭಿಸಿದ ಡಾ. ವೈ. ಎಸ್. ಮೋಹನ ಕುಮಾರರು, ಅಪಸ್ಮಾರ, ಬುದ್ಧಿಮಾಂದ್ಯ, ಹುಟ್ಟು ಅಂಗವೈಕಲ್ಯ, ಅರ್ಬುದರೋಗಗಳು ಅಷ್ಟು ಚಿಕ್ಕ ಜಾಗದಲ್ಲಿ ಅಷ್ಟು ಮನೆಗಳಲ್ಲಿ ಏಕಿವೆ ಎಂದು ತಮ್ಮನ್ನೇ ಕೇಳಿಕೊಂಡು, ವೈದ್ಯಕೀಯ ಪತ್ರಿಕೆಗೆ ಪತ್ರ ಬರೆದರು. ಚಂದ್ರಗಿರಿಯ ದಕ್ಷಿಣಕ್ಕೆ, ಮಲಯಾಳ ಆಡುವ ಪೆರಿಯದಲ್ಲಿ, ಕೃಷಿ ಇಲಾಖೆಯ ನೌಕರರಾಗಿದ್ದ ಲೀಲಾಕುಮಾರಿ ಅಮ್ಮ ನ್ಯಾಯಾಲಯಕ್ಕೆ ಹೋದರು. 1998ರಲ್ಲಿ ಹೊಸದುರ್ಗದ ಮುನ್ಸಿಫ್ ನ್ಯಾಯಾಲಯ ವೈಮಾನಿಕ ಸಿಂಪಡಣೆಗೆ ತಡೆ ನೀಡಿತು. ಭಾಷೆ ಬೇರೆಯಾದ ಎರಡು ಊರುಗಳ ಅನುಭವವು ಒಂದೇ ಎಂದು ಹೊರಗಿನವರಿಗೆ ಕಂಡದ್ದು ಆ ಮೇಲೆ. ಮುಂದಿನದು ಪತ್ರಿಕೆಗಳಲ್ಲಿ ಎಲ್ಲರೂ ಓದಿರುವುದೇ: 2011ರ ಏಪ್ರಿಲ್‌ನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧ ಪಟ್ಟಿ, ಮೇ 13ರಂದು ಸುಪ್ರೀಂ ಕೋರ್ಟಿನ ತಡೆ, 2017ರ ಜನವರಿಯಲ್ಲಿ ಪ್ರತಿ ಸಂತ್ರಸ್ತರಿಗೆ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಬೇಕೆಂಬ ಆದೇಶ. ಐದು ವರ್ಷಗಳ ಬಳಿಕ, 2022ರ ಮೇ ತಿಂಗಳಲ್ಲಿ ಅದೇ ನ್ಯಾಯಾಲಯ ಲೆಕ್ಕ ಕೇಳಿದಾಗ, 3,704 ಮಂದಿಯಲ್ಲಿ ಹಣ ತಲುಪಿದ್ದು 8 ಮಂದಿಗೆ.

ಇದೆಲ್ಲ ಕೇರಳದ ಕತೆಯೆಂದು ಈಚೆಯವರು ಬಹುಕಾಲ ಭಾವಿಸಿದ್ದರು. ಬೆಳ್ತಂಗಡಿ ಸೀಮೆಯ ಕೊಕ್ಕಡ, ನಿಡ್ಲೆ, ಪಟ್ರಮೆಗಳಲ್ಲಿ ಕರ್ನಾಟಕದ್ದೇ ಆದ ಗೇರು ನಿಗಮದ ತೋಟಗಳಿದ್ದವು. ಅಲ್ಲಿಯೂ ಹೆಲಿಕಾಪ್ಟರ್ ಹಾರಿತ್ತು, ಅದೇ ಔಷಧ, ಅದೇ ಬಗೆಯ ಮಕ್ಕಳು. ಎರಡು ಸೀಮೆಗಳ ಯಕ್ಷಗಾನ ಪ್ರೇಕ್ಷಕರು ಒಂದೇ ಬಯಲಿನಲ್ಲಿ ಕುಳಿತವರು. ಅಡಿಕೆ ಮಾರುವುದೂ ಒಂದೇ ಪೇಟೆಯಲ್ಲಿ. ಹಾಗಿದ್ದರೂ ಕಾಸರಗೋಡಿನ ಸುದ್ದಿ ಲೋಕದ ಸುದ್ದಿಯಾದ ಎಷ್ಟೋ ವರ್ಷಗಳ ಮೇಲೆ, 2010ರ ಹೊತ್ತಿಗೆ, ಕೊಕ್ಕಡದ ಮನೆಗಳ ಕಡೆಗೆ ಸರಕಾರದ ಕಣ್ಣು ಹೊರಳಿತು. 2011ರ ಫೆಬ್ರುವರಿಯಲ್ಲಿ ಕರ್ನಾಟಕವು ನಿಷೇಧ ಹೊರಡಿಸಿತು. ಗಡಿಯ ಆಚೆಗೆ ಇಷ್ಟು ಹತ್ತಿರದಲ್ಲಿ ನಡೆದದ್ದನ್ನು ತಿಳಿಯಲು ಇಷ್ಟು ಕಾಲ ಬೇಕಾಯಿತೆಂಬುದು ಈಚೆಯವರು ನಾಚಬೇಕಾದ ಸಂಗತಿ.

ಆಡಿದ ಮಾತು ಆಟ ಮುಗಿದ ಬೆಳಗಿಗೆ ಚದುರಿಹೋಗುತ್ತದೆ. ಬರೆದಿಟ್ಟದ್ದು ನ್ಯಾಯಾಲಯದವರೆಗೂ ಹೋಯಿತು. 1988ರಲ್ಲಿ ಪುತ್ತೂರಿನಿಂದ ಆರಂಭವಾದ ‘ಅಡಿಕೆ ಪತ್ರಿಕೆ’ ಕೃಷಿಕರ ಕೈಗೇ ಲೇಖನಿ ಕೊಟ್ಟದ್ದು ಇದೇ ಸೀಮೆಯಲ್ಲಿ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಘಟ್ಟದ ಊರುಗಳಲ್ಲಿ ಇಂದಿಗೂ ತೋಟಗಳಿಗೆ ಏನನ್ನೋ ಸಿಂಪಡಿಸುತ್ತಾರೆ, ಎಲ್ಲಿಯೋ ಗುಡ್ಡ ಅಗೆಯುತ್ತಾರೆ. ಒಂದು ಇನ್ನೂರು ಪುಟದ ಪುಸ್ತಕ ಸಾಕು. ಯಾವ ದಿನ, ಯಾವ ಗುಡ್ಡ, ಡಬ್ಬಿಯ ಮೇಲೆ ಇದ್ದ ಹೆಸರು, ಗಾಳಿ ಬೀಸಿದ ದಿಕ್ಕು, ಕೆಳಗಿನ ತೋಡಿನ ಹೆಸರು, ಆ ವರ್ಷ ಜೇನು ಬಂತೋ ಇಲ್ಲವೋ, ಹಟ್ಟಿಯಲ್ಲಿ ಹುಟ್ಟಿದ ಕರು ಹೇಗಿತ್ತು. ಗಡಿಯ ಆಚೆ ನೆಂಟರಿದ್ದವರು ಅವರ ಊರಿನದನ್ನೂ ಕೇಳಿ, ಪಕ್ಕದ ಪುಟದಲ್ಲಿ ಬರೆದುಕೊಳ್ಳಬಹುದು.