ತೊಣ್ಣೂರಿನ ಕೆರೆ ಮತ್ತು ನಾವು ಕೇಳದ ಪ್ರಶ್ನೆಗಳು

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ಹತ್ತು ನಿಮಿಷದಲ್ಲಿ ಮುಗಿಸಬೇಕೆಂದು ಕಾರ್ಯದರ್ಶಿಗಳು ಮೊದಲೇ ಹೇಳಿದ್ದಾರೆ. ಹಾಗಾಗಿ ಪೀಠಿಕೆ ಬೇಡ.

ನಾನು ಹೈಸ್ಕೂಲಿನಲ್ಲಿದ್ದಾಗ ಇಂಗ್ಲಿಷ್ ಪುಸ್ತಕದಲ್ಲಿ ಇಂಗ್ಲೆಂಡಿನ ಒಂದು ಸಣ್ಣ ಹಳ್ಳಿಯ ಪಾಠವಿತ್ತು. ಒಂದು ಚರ್ಚು, ಅದರ ಪಕ್ಕ ಬಾತುಕೋಳಿಗಳ ಕೊಳ, ಮುಂದೆ ಹಸಿರು ಬಯಲು. ಪರೀಕ್ಷೆಯಲ್ಲಿ ಆ ಕೊಳದ ಬಗ್ಗೆ ಹತ್ತು ಸಾಲು ಬರೆದು ಒಳ್ಳೆಯ ಅಂಕ ಪಡೆದೆ. ನಮ್ಮದೇ ಕೆರೆಯ ಬಗ್ಗೆ ಒಂದು ಸಾಲು ಬರೆ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೂ ನನಗೆ ಬರುತ್ತಿರಲಿಲ್ಲ.

ಇಂದು ಪಾಂಡವಪುರ ತಾಲ್ಲೂಕಿನ ತೊಣ್ಣೂರನ್ನೇ ತೆಗೆದುಕೊಳ್ಳೋಣ. ಕೆರೆತೊಣ್ಣೂರು ಎಂದರೆ ನಿಮಗೆಲ್ಲ ಗೊತ್ತು. ಭಾನುವಾರ ಬೈಕಿನಲ್ಲಿ ಹೋಗಿ ಫೋಟೋ ತೆಗೆಸಿಕೊಂಡು ಬರುತ್ತೀರಿ. ಎರಡು ಗುಡ್ಡಗಳ ನಡುವಿನ ಸಂದಿಗೆ ಏರಿ ಹಾಕಿ ನೀರು ನಿಲ್ಲಿಸಿರುವ ಕೆರೆ ಅದು. ರಾಮಾನುಜಾಚಾರ್ಯರು ಅದಕ್ಕೆ ತಿರುಮಲಸಾಗರ ಎಂದು ಹೆಸರಿಟ್ಟರು ಎನ್ನುತ್ತಾರೆ. 1746ರಲ್ಲಿ ಇಲ್ಲಿಗೆ ಬಂದ ನಿಜಾಮನ ಮಗ ನಾಸಿರ್ ಜಂಗ್, ನೀರಿನ ತಿಳಿ ನೋಡಿ ಮೋತಿ ತಲಾಬ್, ಅಂದರೆ ಮುತ್ತಿನ ಕೆರೆ ಎಂದು ಕರೆದ. ಟಿಪ್ಪು ಸುಲ್ತಾನರ ಕಾಲದಲ್ಲಿ ಏರಿ ಒಡೆಸಿದ್ದು, ಆಮೇಲೆ ಮತ್ತೆ ಕಟ್ಟಿದ್ದು ಎಲ್ಲ ಚರಿತ್ರೆಯಲ್ಲಿದೆ. ಪಕ್ಕದ ಚಿನಕುರಳಿಯ ಬಯಲಿನಲ್ಲಿ 1771ರಲ್ಲಿ ಹೈದರಾಲಿಯ ಸೈನ್ಯ ಮರಾಠರ ಕೈಯಲ್ಲಿ ಸೋತಿತು.

ಊರು ನೋಡಿದರೆ ಸಣ್ಣದು. ಆದರೆ ಇಲ್ಲಿನ ನಂಬಿನಾರಾಯಣ ದೇವಸ್ಥಾನ ಹೊಯ್ಸಳ ವಿಷ್ಣುವರ್ಧನನ ಕಾಲದ್ದು. ಕಟ್ಟಿಸಿದವನು ಅವನ ಅಧಿಕಾರಿ ಸುರಿಗೆಯ ನಾಗಯ್ಯ. ಪಂಚನಾರಾಯಣ ಕ್ಷೇತ್ರಗಳಲ್ಲಿ ಇದೂ ಒಂದು. ದೋರಸಮುದ್ರ ಹಾಳಾದ ಮೇಲೆ ಹೊಯ್ಸಳರು ಇಲ್ಲಿ ಆಶ್ರಯ ಪಡೆದರು. ಹದಿನಾಲ್ಕನೆಯ ಶತಮಾನದ್ದೆಂದು ಹೇಳುವ ದರ್ಗಾ ಕೂಡ ಇದೇ ಊರಿನಲ್ಲಿದೆ. ಬೆಂಗಳೂರಿನಿಂದ ಬಂದ ಸ್ನೇಹಿತರಿಗೆ ಇದನ್ನೆಲ್ಲ ತೋರಿಸಿದರೆ, "ಇಷ್ಟು ಚಿಕ್ಕ ಊರಿನಲ್ಲಿ ಇಷ್ಟೊಂದಾ?" ಎನ್ನುತ್ತಾರೆ.

ಈಗ ಒಂದು ಮಾತು ಗಮನಿಸಿ. ನಾನು ಇದುವರೆಗೆ ಹೇಳಿದ್ದು ರಾಜರದು, ಆಚಾರ್ಯರದು, ಸೇನಾಪತಿಗಳದು. ಅದು ನಮಗೆ ಸಿಕ್ಕಿದ್ದಾದರೂ ಹೇಗೆ? ಕಲ್ಲಿನ ಶಾಸನಗಳಿಂದ, ಅವನ್ನು ಓದಿ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳಲ್ಲಿ ಅಚ್ಚು ಹಾಕಿಸಿದ ಬಿ.ಎಲ್. ರೈಸ್ ಅವರಿಂದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮರುವರ್ಷ ಕಂಪನಿ ಸರ್ಕಾರ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಈ ಸೀಮೆ ಸುತ್ತಲು ಕಳಿಸಿತು. ಅವನು ತೊಣ್ಣೂರಿಗೂ ಬಂದ, ಕೆರೆ ನೋಡಿದ, ಬರೆದಿಟ್ಟ. ಎಲ್ಲಿಂದಲೋ ಬಂದವನಿಗೆ ನಮ್ಮ ಊರಿನ ಮಣ್ಣು, ಬೆಳೆ, ಕಂದಾಯ ಎಲ್ಲ ಬೇಕಾಗಿತ್ತು. ಅವನ ಉದ್ದೇಶ ಬೇರೆ, ಅದಿರಲಿ. ಬರೆದದ್ದಂತೂ ಉಳಿಯಿತು.

ಇಂಗ್ಲೆಂಡಿನಲ್ಲಿ ಊರೂರಿನ ಚರ್ಚಿನಲ್ಲಿ ದೀಕ್ಷಾಸ್ನಾನ, ಮದುವೆ, ಮಣ್ಣು ಮಾಡಿದ್ದು, ಇವುಗಳನ್ನು ಪುಸ್ತಕದಲ್ಲಿ ಬರೆದಿಡಬೇಕೆಂದು 1538ರಲ್ಲೇ ಆಜ್ಞೆಯಾಯಿತು. ಆ ಪುಸ್ತಕ ಉಳಿದಿರುವ ಊರಿನಲ್ಲಿ, ಯಾವುದೋ ಬಡಗಿಯ ಮಗಳ ಮದುವೆ ಯಾವ ದಿನ ನಡೆಯಿತೆಂದು ಇಂದೂ ತೆಗೆದು ನೋಡಬಹುದು. ನಮ್ಮಲ್ಲಿ ನಾಗಯ್ಯನ ಹೆಸರು ಕಲ್ಲಿನಲ್ಲಿದೆ. ಆ ಕಲ್ಲು ಹೊತ್ತವನ ಹೆಸರು?

ನನ್ನದೇ ಕಥೆ ಹೇಳುತ್ತೇನೆ. ನಾಗಮಂಗಲದ ಕಡೆ ಒಂದು ಚಿಕ್ಕ ಕೆರೆಯ ಕೆಳಗೆ ನಮ್ಮ ದಾದಾ ಅವರಿಗೆ ಸ್ವಲ್ಪ ಗದ್ದೆಯಿತ್ತು. ತೂಬು ಎತ್ತುವ ನೀರುಗಂಟಿ, ರಾತ್ರಿ ಯಾರ ಸರದಿ, ಹಗಲು ಯಾರದು, ನೀರು ಸಾಲದ ವರ್ಷ ಯಾರ ಗದ್ದೆ ಬೀಳು ಬಿಡಬೇಕು, ಈ ಲೆಕ್ಕವೆಲ್ಲ ಅವರ ಬಾಯಲ್ಲಿತ್ತು. ಗೌಡರ ಮನೆಯವರೂ ನಮ್ಮವರೂ ಒಂದೇ ಕಾಲುವೆಯ ನೀರು ಹಂಚಿಕೊಂಡವರು. ಜಗಳವಾದರೆ ಏರಿಯ ಮೇಲೆ ಕೂತು ತೀರ್ಮಾನ ಮಾಡುತ್ತಿದ್ದರಂತೆ. "ಅಂತೆ" ಎನ್ನುತ್ತಿದ್ದೇನೆ, ಯಾಕೆಂದರೆ ನಾನು ಕೂತು ಕೇಳಲಿಲ್ಲ. ಪಿಯುಸಿ ಓದುವಾಗ ಹೊಯ್ಸಳ ದೊರೆಗಳ ಪಟ್ಟಿ ಬಾಯಿಪಾಠ ಮಾಡುತ್ತಿದ್ದೆ. ಪಕ್ಕದ ಮಂಚದಲ್ಲಿ ದಾದಾ ಕೆಮ್ಮುತ್ತಾ, "ಬೇಟಾ, ಇಲ್ಲಿ ಬಾ" ಎಂದು ಕರೆದರೆ, "ಪರೀಕ್ಷೆ ಇದೆ ದಾದಾ" ಎನ್ನುತ್ತಿದ್ದೆ. ಪರೀಕ್ಷೆ ಮುಗಿಯುವ ಮೊದಲೇ ಅವರು ಹೋಗಿಬಿಟ್ಟರು. ಆ ಕೆರೆಯ ತೂಬಿಗೆ ಒಂದು ಹೆಸರಿತ್ತು. ನನಗೆ ಅದು ಇಂದಿಗೂ ಸಿಕ್ಕಿಲ್ಲ. ಊರಿನಲ್ಲಿ ಕೇಳಿದರೆ ಹುಡುಗರು ಬೋರ್‌ವೆಲ್ಲಿನ ಆಳ ಹೇಳುತ್ತಾರೆ.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದಿಂದ ಬಂದ ಮಕ್ಕಳು ಇಲ್ಲಿ ಕೂತಿದ್ದೀರಿ. ಬೇಸಿಗೆ ರಜೆಯಲ್ಲಿ ಇನ್ನೂರು ಪುಟದ ಒಂದು ನೋಟ್ ಪುಸ್ತಕ ತೆಗೆದುಕೊಳ್ಳಿ. ಮೊದಲು ಮನೆಯ ದಾದಿ, ನಾನಿಯರನ್ನು ಕೇಳಿ. ಆಮೇಲೆ ಪಕ್ಕದ ಬೀದಿಯ ಅಜ್ಜಿಯನ್ನು ಕೇಳಿ. ಅವರು ಹೇಳಿದ ಮಾತಿನಲ್ಲೇ ಬರೆಯಿರಿ, ತಿದ್ದಬೇಡಿ. ಸಂತೆಗೆ ಎಷ್ಟು ದೂರ ನಡೆದರು, ಬರಗಾಲದಲ್ಲಿ ಏನು ತಿಂದರು, ಸೂಲಗಿತ್ತಿ ಯಾರಾಗಿದ್ದರು, ಆಲೆಮನೆಯಲ್ಲಿ ಕೂಲಿ ಎಷ್ಟಿತ್ತು ಎಂದೆಲ್ಲ ಕೇಳಿ.

ಸಂಘದ ಕಚೇರಿಯಲ್ಲಿ ಒಂದು ಬೀರು ಖಾಲಿ ಇದೆಯೆಂದು ಕಾರ್ಯದರ್ಶಿಗಳು ಒಪ್ಪಿಕೊಂಡಿದ್ದಾರೆ. ಅದರಲ್ಲಿ ಇಡಲು ನಾನು ಒಂದು ಪುಸ್ತಕ ತಂದಿದ್ದೇನೆ. ದಾದಾ ಬಗ್ಗೆ ನೆನಪಿರುವುದನ್ನೆಲ್ಲ ಬರೆದೆ. ಎರಡು ಪುಟ ತುಂಬಿತು.