ಅಗ್ಗದ ಗಾಡಿ ಖರೇನ ಅಗ್ಗ ಏನು?

ಇವತ್ತಿನ ಮಾತು ಸೆಕೆಂಡ್ ಹ್ಯಾಂಡ್ ಬೈಕಿಂದು. ನಮ್ಮ ತಮ್ಮಗ ಹುಬ್ಬಳ್ಳಿಯಾಗ ಕೆಲಸ ಸಿಕ್ತು. ಮನಿ ಧಾರವಾಡದ ಸಪ್ತಾಪುರ. ಚಿಗರಿ ಬಸ್ ಪಾಸ್ ಮಾಡ್ಸೋ ಅಂದೆ. ಆದರೆ ಅವನ ಶಿಫ್ಟ್ ಮುಗಿಯೂದು ಮಧ್ಯರಾತ್ರಿ. ಸರಿ, ಗಾಡಿ ಬೇಕೇ ಬೇಕು. ರೊಕ್ಕ ಅವ್ವ ಚೀಟಿ ಎತ್ತಿ ಕೊಟ್ಟಿದ್ದು, 45 ಸಾವಿರ. ಅದಕ್ಕ ನನಗ ಹೆದರಿಕಿ.

ಎರಡು ಗಾಡಿ ನೋಡಿದ್ವಿ. ಒಂದು 2011ರ 150 ಸಿಸಿ, 28 ಸಾವಿರ. ಇನ್ನೊಂದು 2018ರ 100 ಸಿಸಿ, 42 ಸಾವಿರ. ತಮ್ಮನ ಕಣ್ಣು ಮೊದಲನೇದರ ಮ್ಯಾಲೆ. "ಅಣ್ಣಾ, 14 ಸಾವಿರ ಉಳೀತದ ನೋಡು" ಅಂದ. (ಉಳಿತಾಯಕ್ಕಿಂತ ಸೈಲೆನ್ಸರ್ ಸಪ್ಪಳ ಹಿಡಿಸಿತ್ತು, ಅದು ಬ್ಯಾರೆ ಮಾತು.)

ಚಹಾ ಕುಡೀತಾ ಮೊಬೈಲ್‌ನಾಗ ಲೆಕ್ಕ ಹಾಕಿದೆ. ಹೋಗಿ ಬರೂದು ದಿನಕ್ಕ 40 ಕಿಲೋಮೀಟರ್. ತಿಂಗಳಿಗೆ 25 ದಿನ ಅಂದ್ರೂ ವರ್ಷಕ್ಕ 12 ಸಾವಿರ ಕಿಲೋಮೀಟರ್. ಹಳೇದು ಲೀಟರಿಗೆ 40 ಕೊಟ್ಟರೆ 300 ಲೀಟರ್ ಬೇಕು; ಸಣ್ಣದು 60 ಕೊಟ್ಟರೆ 200 ಸಾಕು. ಪೆಟ್ರೋಲ್ 103 ರೂಪಾಯಿ ಹಿಡಿದ್ರೆ ವರ್ಷಕ್ಕ 10,300 ರೂಪಾಯಿ ಫರಕು. ಅಂದ್ರ ಆ 14 ಸಾವಿರದ ಉಳಿತಾಯ ಒಂದೂವರೆ ವರ್ಷದೊಳಗ ಟ್ಯಾಂಕಿನ್ಯಾಗ ಹೋಯ್ತು.

ಮೆಕ್ಯಾನಿಕ್ ಕಾಕಾ ಕುಂತು ನೋಡಿದ್ರು. ಹಳೇದಕ್ಕ ಎರಡು ಟೈರು, ಚೈನ್ ಸೆಟ್, ಬ್ಯಾಟರಿ, ಕೂಡಿ 9 ಸಾವಿರ. ಸಣ್ಣದಕ್ಕ ಎರಡೂವರೆ ಸಾವಿರ. ಎರಡು ವರ್ಷ ಓಡಿಸಿ ಮಾರಿದ್ರೆ ಹಳೇದು 14 ಸಾವಿರಕ್ಕ ಹೋಗಬಹುದು, ಸಣ್ಣದು 30ಕ್ಕ, ಇದು ಕಾಕಾ ಅವರ ಅಂದಾಜು. ಎಲ್ಲಾ ಕೂಡಿಸಿ ಕಳೆದ್ರೆ ಎರಡು ವರ್ಷಕ್ಕ ಹಳೇದು 84,800, ಸಣ್ಣದು 55,700. ವ್ಯತ್ಯಾಸ 29,100. ಹಳೇ ಗಾಡಿಯ ರೇಟಿಗಿಂತಲೂ ಜಾಸ್ತಿ!

ಥರ್ಡ್ ಪಾರ್ಟಿ ಇನ್ಶೂರೆನ್ಸ್ ಎರಡಕ್ಕೂ ಒಂದೇ, ಅದನ್ನ ಬಿಟ್ಟೆ. ಆರ್‌ಸಿ ಮಾತ್ರ ಬಿಡೂಹಂಗಿಲ್ಲ. ಖಾಸಗಿ ಗಾಡಿಗೆ ನೋಂದಣಿ 15 ವರ್ಷ ಅಷ್ಟೇ. ಆಮೇಲೆ ಆರ್‌ಟಿಒದಾಗ ತಪಾಸಣೆ, ನವೀಕರಣ ಶುಲ್ಕ, ಹಸಿರು ತೆರಿಗೆ. ಅದೂ 5 ವರ್ಷಕ್ಕ. ಹಳೇದರ ಆರ್‌ಸಿ ಮುಗಿಯಾಕ ಕೆಲವೇ ತಿಂಗಳು ಉಳಿದಿತ್ತು. ಮಾರುವಾತ ಅದನ್ನ ಬಾಯಿ ಬಿಟ್ಟು ಹೇಳಿರಲಿಲ್ಲ, ಕಾರ್ಡ್ ತಿರುಗಿಸಿ ನಾವೇ ನೋಡಿದ್ದು.

ತಮ್ಮ ಎರಡು ದಿನ ಮಾತಾಡಲಿಲ್ಲ. ಕಡೀಗೆ ಸಣ್ಣದನ್ನ 40 ಸಾವಿರಕ್ಕ ಒಪ್ಪಿಸಿದ. ಉಳಿದ ರೊಕ್ಕದಾಗ ಹೆಲ್ಮೆಟ್ ತಗೊಂಡು, ಎರಡು ಸಾವಿರ ಅವ್ವನ ಕೈಗೆ ವಾಪಸ್ ಕೊಟ್ಟ. ಹಳೇ ಗಾಡಿ ಇನ್ನೂ ಅಲ್ಲೇ ನಿಂತೈತಿ. ಆ ಕಡೆ ಹಾದ್ರೆ ಇವತ್ತಿಗೂ ಒಮ್ಮೆ ಹೊರಳಿ ನೋಡ್ತಾನ.