ವ್ಯಕ್ತಿಯ ಧರ್ಮಸ್ವಾತಂತ್ರ್ಯವೂ ಸಂಸ್ಥೆಯ ಧರ್ಮಸ್ವಾತಂತ್ರ್ಯವೂ



ಧರ್ಮಸ್ವಾತಂತ್ರ್ಯವೆಂಬ ಶಬ್ದವು ಒಂದಾದರೂ ಅದಕ್ಕೆ ಹಕ್ಕುದಾರರು ಇಬ್ಬರು. 1950ರಲ್ಲಿ ಜಾರಿಗೆ ಬಂದ ಭಾರತದ ಸಂವಿಧಾನವು ತನ್ನ 25ನೆಯ ಅನುಚ್ಛೇದದಲ್ಲಿ ಪ್ರತಿಯೊಬ್ಬ ವ್ಯಕ್ತಿಗೂ ಅಂತಃಕರಣದ ಸ್ವಾತಂತ್ರ್ಯವನ್ನೂ ಧರ್ಮಾಚರಣೆಯ ಹಕ್ಕನ್ನೂ ಕೊಟ್ಟಿರುತ್ತದೆ. 26ನೆಯದರಲ್ಲಿ ಪ್ರತಿಯೊಂದು ಧಾರ್ಮಿಕ ಪಂಗಡಕ್ಕೂ ತನ್ನ ಧರ್ಮವಿಷಯಗಳನ್ನು ತಾನೇ ನಿರ್ವಹಿಸಿಕೊಳ್ಳುವ ಹಕ್ಕನ್ನು ಕೊಟ್ಟಿರುತ್ತದೆ. ಸಾರ್ವಜನಿಕ ಸುವ್ಯವಸ್ಥೆ, ನೀತಿ, ಆರೋಗ್ಯ ಇವುಗಳಿಗೆ ಎರಡೂ ಒಳಪಟ್ಟಿವೆ. ಇವು ಒಂದಕ್ಕೊಂದು ಎದುರಾದಲ್ಲಿ ಯಾವುದು ಪ್ರಬಲವೆಂಬುದೇ ವಿಚಾರಣೀಯವಾದ ವಿಷಯವು.

ಉಡುಪಿಯ ಅಷ್ಟಮಠಗಳಲ್ಲೊಂದಾದ ಶೀರೂರು ಮಠದ ವ್ಯಾಜ್ಯದಲ್ಲಿ 1954ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಯಾವ ವಿಧಿಯು ಧರ್ಮಕ್ಕೆ ಅತ್ಯಾವಶ್ಯಕವೆಂಬುದನ್ನು ಆ ಪಂಗಡವೇ ನಿಶ್ಚಯಿಸತಕ್ಕದ್ದೆಂದು ಹೇಳಿತು. ಆಸ್ತಿಯ ಆಡಳಿತವನ್ನು ಮಾತ್ರ ಶಾಸನದಿಂದ ನಿಯಮಿಸಬಹುದೆಂದಿತು. ಇಲ್ಲಿ ಮಠಕ್ಕೆ ಎದುರಾಗಿದ್ದುದು ಸರಕಾರವೇ ಹೊರತು ಭಕ್ತನಲ್ಲ.

ಭಕ್ತನ ಹಕ್ಕಿನ ಪ್ರಶ್ನೆಯು 1958ರಲ್ಲಿ ಮೂಲ್ಕಿಯ ಶ್ರೀ ವೆಂಕಟರಮಣ ದೇವಾಲಯದ ವ್ಯಾಜ್ಯದಲ್ಲಿ ಬಂದಿತು. ದೇವಾಲಯವು ಗೌಡಸಾರಸ್ವತ ಪಂಗಡದ್ದೆಂದು ಒಪ್ಪಿದರೂ, ಅದು ಸಾರ್ವಜನಿಕವಾದ ಕಾರಣ ಹಿಂದೂಗಳ ಸಕಲ ವರ್ಗದವರಿಗೂ ಪ್ರವೇಶವಿರತಕ್ಕದ್ದೆಂದು ತೀರ್ಪಾಯಿತು. ಕೆಲವು ವಿಶೇಷ ಸೇವೆಗಳು ಮಾತ್ರ ಪಂಗಡಕ್ಕೇ ಉಳಿದವು.

1962ರ ದಾವೂದಿ ಬೋಹ್ರಾ ಸಮಾಜದ ವ್ಯಾಜ್ಯವು ಇನ್ನೂ ಕಠಿಣವಾದುದು. ಬಹಿಷ್ಕೃತನಿಗೆ ಪ್ರಾರ್ಥನಾಸ್ಥಳವೂ ಇಲ್ಲ, ಸಮಾಜದ ಸ್ಮಶಾನವೂ ಇಲ್ಲ. ಇಂತಹ ಬಹಿಷ್ಕಾರವನ್ನು ತಡೆಯಲು 1949ರಲ್ಲಿ ಮುಂಬಯಿ ಪ್ರಾಂತದಲ್ಲಿ ಮಾಡಿದ್ದ ಶಾಸನವನ್ನು ನ್ಯಾಯಾಲಯವು ಅಸಿಂಧುಗೊಳಿಸಿತು. ಮುಖ್ಯ ನ್ಯಾಯಾಧೀಶ ಸಿನ್ಹಾ ಅವರು ಮಾತ್ರ ಭಿನ್ನಮತವನ್ನು ಬರೆದು, ಆ ಶಾಸನವು ವ್ಯಕ್ತಿಯ ಅಂತಃಕರಣದ ಸ್ವಾತಂತ್ರ್ಯವನ್ನು ರಕ್ಷಿಸತಕ್ಕದ್ದೆಂದರು. 2023ರಲ್ಲಿ ಐವರು ನ್ಯಾಯಾಧೀಶರ ಪೀಠವು ಆ ತೀರ್ಪು ಪುನರ್ವಿಮರ್ಶೆಗೆ ಅರ್ಹವೆಂದು ಒಂಬತ್ತು ಮಂದಿಯ ಪೀಠಕ್ಕೆ ಒಪ್ಪಿಸಿತು.

ಹಾಗಾದರೆ ಸಂಸ್ಥೆಯ ಹಕ್ಕು ವ್ಯರ್ಥವೋ? ಅಲ್ಲ. ದೀಕ್ಷೆ, ಗುರುಪರಂಪರೆ, ಶಾಸ್ತ್ರಪಾಠ ಇವು ಒಬ್ಬನಿಂದ ಉಳಿಯತಕ್ಕವಲ್ಲ. ಅಧಿಕಾರಿಗಳು ಬಂದು ಪೂಜಾವಿಧಿಯನ್ನು ತಿದ್ದುವಂತಾದರೆ ಪ್ರತಿಯೊಬ್ಬ ಭಕ್ತನ ಸ್ವಾತಂತ್ರ್ಯವೂ ಅಳಿಯುವುದು. ಕೆರೆಗೆ ಏರಿಯಿದ್ದಂತೆ ಧರ್ಮಕ್ಕೆ ಸಂಸ್ಥೆಯು. ಆದರೆ ಏರಿಯನ್ನು ಕಟ್ಟಿದ್ದು ನೀರಿಗಾಗಿ. ನೀರನ್ನೇ ಹೊರದೂಡುವ ಏರಿಯಿಂದ ಯಾವ ಗದ್ದೆಯೂ ಬೆಳೆಯದು.

ಆದ್ದರಿಂದ ಧರ್ಮಪೀಠಗಳು ತಮ್ಮ ಹಕ್ಕನ್ನು ಭಕ್ತರ ಪರವಾಗಿ ಹೊತ್ತಿರುವ ನಿಕ್ಷೇಪವೆಂದು ತಿಳಿಯತಕ್ಕದ್ದು. ತಪ್ಪಿದವನೆನಿಸಿದವನ ಮಾತನ್ನು ಕೇಳದೆ ಅವನನ್ನು ಹೊರಗಿಡಬಾರದು. ಯಾರ ಶವಕ್ಕೂ ನೆಲವನ್ನು ನಿರಾಕರಿಸಬಾರದು. ಸಂಸ್ಥೆಯೇ ಈ ನ್ಯಾಯವನ್ನು ಪಾಲಿಸಿದರೆ ಭಕ್ತನು ನ್ಯಾಯಾಲಯದ ಮೆಟ್ಟಿಲನ್ನು ಹತ್ತಬೇಕಾಗದು. ಸರಕಾರಕ್ಕೂ ಮಠದೊಳಗೆ ಕಾಲಿಡಲು ನೆವ ದೊರೆಯದು.